ಗುರು, ತಾಯಿ, ಸಖಿ: ಮೈಸೂರಿನ ಅಭಿನಯ ಪರಂಪರೆ ಮತ್ತು ಕೆ. ವೆಂಕಟಲಕ್ಷ್ಮಮ್ಮ

ನಾಟ್ಯಸರಸ್ವತಿ ಜಟ್ಟಿ ತಾಯಮ್ಮನವರು ಜನಿಸಿದ್ದು 1857ರಲ್ಲಿ. ಅವರ ಶಿಷ್ಯೆ ನಾಡೋಜ ಕೆ. ವೆಂಕಟಲಕ್ಷ್ಮಮ್ಮನವರು ನಿಧನರಾದದ್ದು 2002ರಲ್ಲಿ. ಈ ಎರಡು ವರ್ಷಗಳ ನಡುವಿನ ಅಂತರ 145 ವರ್ಷಗಳು. ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ಕಾಲವಾದಾಗ ತಾಯಮ್ಮನವರು 11 ವರ್ಷದ ಬಾಲೆ. ವೆಂಕಟಲಕ್ಷ್ಮಮ್ಮನವರು ಕಣ್ಮುಚ್ಚುವ ವೇಳೆಗೆ ಮೈಸೂರಿನ ನೃತ್ಯಶಿಕ್ಷಣ ವಿಶ್ವವಿದ್ಯಾನಿಲಯದ ಪಠ್ಯಕ್ರಮವಾಗಿ ಮೂರೂವರೆ ದಶಕಗಳೇ ಕಳೆದಿದ್ದವು. ಇಷ್ಟು ದೀರ್ಘವಾದ ಕಾಲಾವಧಿಯನ್ನು ದಾಟಲು ಮೈಸೂರಿನ ಅಭಿನಯ ವಿದ್ಯೆಗೆ ಬೇಕಾದದ್ದು ಒಂದೇ ಒಂದು ಹಸ್ತಾಂತರ: ಒಬ್ಬ ಹೆಣ್ಣುಮಗಳಿಂದ ಇನ್ನೊಬ್ಬ ಹೆಣ್ಣುಮಗಳಿಗೆ. ಭಾರತೀಯ ಕಲೆಗಳ ಚರಿತ್ರೆಯಲ್ಲಿ ಗುರುಶಿಷ್ಯ ಪರಂಪರೆ ಎಂಬ ಮಾತು ಬಳಸಿ ಬಳಸಿ ಸವೆದುಹೋಗಿದೆ. ಆದರೆ ಈ ಒಂದು ಹಸ್ತಾಂತರವು ಯಾವ ಬಗೆಯ ಸಂಬಂಧದ ಮೂಲಕ ನಡೆಯಿತು, ಆ ಸಂಬಂಧ ಬದಲಾದಾಗ ವಿದ್ಯೆಯ ಸ್ವರೂಪದಲ್ಲಿ ಏನು ಬದಲಾಯಿತು ಎಂಬುದು ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ವೆಂಕಟಲಕ್ಷ್ಮಮ್ಮನವರ ಸ್ಮರಣೆಯ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಉಚಿತವಾಗಿದೆ.

ಕನ್ನಡದಲ್ಲಿ ಗುರುವನ್ನು ತಂದೆಗೆ ಹೋಲಿಸುವ ರೂಢಿ ಬಲವಾಗಿದೆ. ನೃತ್ಯದ ಚರಿತ್ರೆಯಲ್ಲಿಯೂ ತಂಜಾವೂರಿನ ನಟ್ಟುವನಾರರು ಪಿತೃಪ್ರಧಾನವಾದ ಗುರುಪೀಠವನ್ನೇ ಪ್ರತಿನಿಧಿಸುತ್ತಾರೆ. ತಂಜಾವೂರು ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನ ಆಸ್ಥಾನದಲ್ಲಿ ಆಶ್ರಯ ಪಡೆದದ್ದರಿಂದ ಅಡವು, ಜತಿಸ್ವರ, ವರ್ಣಗಳ ಕ್ರಮವು ಮೈಸೂರಿಗೂ ಬಂದಿತು. ನಟ್ಟುವನಾರರು ತಾಳ ಹಿಡಿದು ಕಲಿಸುತ್ತಿದ್ದುದು ಮುಖ್ಯವಾಗಿ ನೃತ್ತಭಾಗವನ್ನು. ಅಭಿನಯದ ಭಾಗ, ಅದರಲ್ಲಿಯೂ ಪದ ಮತ್ತು ಜಾವಳಿಗಳ ಸೂಕ್ಷ್ಮ ವಿಸ್ತಾರ, ಬಹುಮಟ್ಟಿಗೆ ಹಿರಿಯ ನರ್ತಕಿಯರ ಕೈಯಲ್ಲಿಯೇ ಉಳಿದಿತ್ತು. ಹೆಣ್ಣಿನ ವಿರಹ, ಮುನಿಸು, ಸಂಕೋಚ, ವ್ಯಂಗ್ಯಗಳನ್ನು ಹೆಣ್ಣೇ ಹೆಣ್ಣಿಗೆ ಕಲಿಸುವ ಈ ವ್ಯವಸ್ಥೆ ಮೈಸೂರಿನಲ್ಲಿ ವಿಶೇಷವಾಗಿ ಬೆಳೆಯಿತು. ಮೈಸೂರು ಶೈಲಿಯ ಹೆಗ್ಗಳಿಕೆ ಅಭಿನಯದಲ್ಲಿದೆ ಎಂದು ವಿದ್ವಾಂಸರು ಒಕ್ಕೊರಲಿನಿಂದ ಹೇಳುವುದಕ್ಕೆ ಇದೂ ಒಂದು ಕಾರಣವಾಗಿದೆ.

ತಾಯಮ್ಮನವರು ಅರಮನೆಯ ಜಟ್ಟಿ ದಾಸಪ್ಪನವರ ಮಗಳು. ಜಟ್ಟಿಗಳು ಮೈಸೂರು ಅರಮನೆಯ ಮಲ್ಲರು. ದಸರೆಯ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ಅವರಿಗೆ ಮೀಸಲಾದ ಸೇವೆ. ಅಂತಹ ಮನೆತನದಲ್ಲಿ ಹುಟ್ಟಿದ ಮಗಳು ಅಭಿನಯದ ಅತ್ಯಂತ ನವಿರಾದ ಅಂಶಗಳಿಗೆ ಹೆಸರಾದದ್ದು ಸ್ವಾರಸ್ಯಕರವಾದ ಸಂಗತಿ. ಚಾಮರಾಜ ಒಡೆಯರ ಕಾಲದಲ್ಲಿ ಆಸ್ಥಾನದ ನರ್ತಕಿಯಾಗಿ ಪ್ರಸಿದ್ಧಿಗೆ ಬಂದ ಅವರು ಕ್ಷೇತ್ರಯ್ಯನ ಪದಗಳು, ಜಯದೇವನ ಅಷ್ಟಪದಿಗಳು, ಅಮರುಶತಕದ ಶ್ಲೋಕಗಳು ಮುಂತಾದವುಗಳ ಅಭಿನಯಕ್ಕೆ ಹೆಸರಾಗಿದ್ದರು. ಸಾಹಿತ್ಯದ ಅರ್ಥವನ್ನು ಪಂಡಿತರಿಂದ ಪಾಠ ಹೇಳಿಸಿಕೊಂಡು, ಅನಂತರ ಅಭಿನಯಕ್ಕೆ ಇಳಿಸುವುದು ಆ ಪರಂಪರೆಯ ಕ್ರಮ. ಅರಮನೆಯಲ್ಲಿ ಸಂಸ್ಕೃತ ವಿದ್ವಾಂಸರ ಗೋಷ್ಠಿಯೂ ಸಂಗೀತ ವಿದ್ವಾಂಸರ ಗೋಷ್ಠಿಯೂ ಅಕ್ಕಪಕ್ಕದಲ್ಲಿಯೇ ಇದ್ದುದರಿಂದ ಇದು ಸಾಧ್ಯವಾಯಿತು. ಸಭೆಯಲ್ಲಿ ಕುಳಿತವರು ಶ್ಲೋಕದ ಅಲಂಕಾರವನ್ನು ಬಲ್ಲವರಾಗಿದ್ದಾಗ ನರ್ತಕಿಯು ಅರ್ಥ ತಪ್ಪಿದರೆ ಸಿಕ್ಕಿಬೀಳುವುದು ಖಂಡಿತ. ಮೈಸೂರು ಅಭಿನಯದಲ್ಲಿ ಸಾಹಿತ್ಯಕ್ಕೆ ದೊರೆತಿರುವ ಪ್ರಾಧಾನ್ಯಕ್ಕೆ ಈ ಸಭೆಯ ಕಣ್ಣೂ ಕಾರಣವೆಂದು ಊಹಿಸಬಹುದಾಗಿದೆ.

ವೆಂಕಟಲಕ್ಷ್ಮಮ್ಮನವರು ಜನಿಸಿದ್ದು 1906ರ ಮೇ 29ರಂದು, ಕಡೂರಿನ ತಂಗಲಿ ತಾಂಡಾದ ಲಂಬಾಣಿ ಕುಟುಂಬವೊಂದರಲ್ಲಿ. ಅಜ್ಜ ಅಜ್ಜಿಯರು ಈ ಬಾಲೆಯನ್ನು ಎಂಟನೆಯ ವಯಸ್ಸಿನಲ್ಲಿ ಜಟ್ಟಿ ತಾಯಮ್ಮನವರ ಆಶ್ರಯಕ್ಕೆ ಒಪ್ಪಿಸಿದರು. ಆಗ ಗುರುವಿಗೆ 57 ವರ್ಷ. ಈ ವಯಸ್ಸಿನ ಲೆಕ್ಕ ಮುಖ್ಯವಾದುದು. ರಂಗದ ಮೇಲೆ ಹೆಸರು ಮಾಡಿದ ನರ್ತಕಿಯೊಬ್ಬಳು ತನ್ನ ಯೌವನವನ್ನು ದಾಟಿ, ಕಲಿತದ್ದೆಲ್ಲವನ್ನೂ ಹಿಂದಿರುಗಿ ನೋಡುವ ವಯಸ್ಸಿನಲ್ಲಿದ್ದಾಗ, ಇನ್ನೂ ಅಕ್ಷರವನ್ನೇ ಗಟ್ಟಿಯಾಗಿ ಕಲಿಯದ ಮಗುವೊಂದು ಅವಳ ಬಳಿಗೆ ಬಂದಿತು. ಅಭಿನಯದಲ್ಲಿ ವಯಸ್ಸು ಇಳಿಯುವಿಕೆಯಲ್ಲ, ಏರಿಕೆ. ದೇಹದ ಚಾಪಲ್ಯ ತಗ್ಗಿದಂತೆ ಕಣ್ಣು, ಹುಬ್ಬು, ಕತ್ತಿನ ಸಣ್ಣ ತಿರುವುಗಳಿಗೆ ತೂಕ ಬರುತ್ತದೆ. ಆದುದರಿಂದ ವೆಂಕಟಲಕ್ಷ್ಮಮ್ಮನವರು ನೋಡಿ ಕಲಿತ ಅಭಿನಯವು ತಾಯಮ್ಮನವರ ಪಕ್ವಾವಸ್ಥೆಯ ಅಭಿನಯ ಎಂಬುದನ್ನು ಮರೆಯುವಂತಿಲ್ಲ.

ಮಗುವಿನ ಮನೆಮಾತು ಲಂಬಾಣಿ. ಅದು ರಾಜಸ್ಥಾನಿ, ಗುಜರಾತಿಗಳಿಗೆ ಹತ್ತಿರವಾದ ಆರ್ಯಭಾಷೆ. ಕಲಿಯಬೇಕಾಗಿದ್ದ ಪದಗಳು ತೆಲುಗಿನವು, ಶ್ಲೋಕಗಳು ಸಂಸ್ಕೃತದವು, ಜಾವಳಿಗಳು ಕನ್ನಡ ಮತ್ತು ತೆಲುಗು ಎರಡರಲ್ಲಿಯೂ ಇದ್ದವು, ಸುತ್ತಲಿನ ಲೋಕವ್ಯವಹಾರ ಮೈಸೂರು ಕನ್ನಡದ್ದು. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದ ಮಗುವಿಗೆ ಯಾವ ಮಾತನ್ನೂ ಅರ್ಥ ಕೇಳದೆ ಅಭಿನಯಿಸುವ ಅವಕಾಶವೇ ಇರಲಿಲ್ಲ. ಮಾತೃಭಾಷೆಯ ಹಾಡಿಗೆ ಅಭಿನಯಿಸುವವರು ಎಷ್ಟೋ ಪದಗಳನ್ನು ತಿಳಿದಿದ್ದೇವೆಂಬ ಭ್ರಮೆಯಲ್ಲಿ ದಾಟಿಹೋಗುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಸಂಸ್ಕೃತವನ್ನು ಆಸ್ಥಾನ ವಿದ್ವಾಂಸರಾದ ದೇವೋತ್ತಮ ಜೋಯಿಸರು, ಶಾಂತಾ ಶಾಸ್ತ್ರಿಗಳು, ಗಿರಿಭಟ್ಟರು ಮೊದಲಾದವರಿಂದಲೂ, ಸಂಗೀತವನ್ನು ಬಿ. ದೇವೇಂದ್ರಪ್ಪ ಮತ್ತು ಸಿ. ರಾಮರಾವ್ ಅವರಿಂದಲೂ ಅವರು ಅಭ್ಯಾಸ ಮಾಡಿದರು. ಹನ್ನೆರಡನೆಯ ವಯಸ್ಸಿನಲ್ಲಿ ರಂಗಪ್ರವೇಶವಾಯಿತು. ಲಂಬಾಣಿಗರಿಗೆ ತಮ್ಮದೇ ಆದ ಸಮೃದ್ಧ ಸಮೂಹನೃತ್ಯ, ಹಾಡು, ಉಡುಗೆಗಳ ಸಂಪತ್ತು ಇದೆ. ಆ ಲೋಕದಿಂದ ಬಂದ ಹೆಣ್ಣುಮಗಳೊಬ್ಬಳು ಆಸ್ಥಾನದ ಕಲೆಯ ವಾರಸುದಾರಳಾದದ್ದು ಮೈಸೂರಿನ ಸಾಮಾಜಿಕ ಚರಿತ್ರೆಯಲ್ಲಿಯೂ ಗಮನಿಸಬೇಕಾದ ಸಂಗತಿಯಾಗಿದೆ. ಜಟ್ಟಿಯ ಮಗಳಿಂದ ಲಂಬಾಣಿ ಬಾಲೆಗೆ ಬಂದ ಈ ವಿದ್ಯೆಯನ್ನು ಕುಲದ ಸ್ವತ್ತು ಎಂದು ಕರೆಯಲು ಬರುವುದಿಲ್ಲ.

ಅಭಿನಯವನ್ನು ಕಲಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಗುರು, ತಾಯಿ, ಸಖಿ ಎಂಬ ಮೂರು ಸಂಬಂಧಗಳು ಒಂದೆಡೆ ಸೇರುವುದು ಆ ಕ್ರಮದಲ್ಲಿಯೇ. ಪದವೊಂದರ ಪಲ್ಲವಿಯ ಒಂದು ಸಾಲನ್ನು ತೆಗೆದುಕೊಂಡರೆ, ಅದರ ಪ್ರತಿಯೊಂದು ಶಬ್ದಕ್ಕೂ ಹಸ್ತವನ್ನು ತೋರಿಸುವುದು ಪದಾರ್ಥಾಭಿನಯ. ಸಾಲಿನ ಒಟ್ಟು ಆಶಯವನ್ನು ತೋರಿಸುವುದು ವಾಕ್ಯಾರ್ಥಾಭಿನಯ. ಇವೆರಡನ್ನೂ ತರಗತಿಯಲ್ಲಿ ಕಲಿಸಬಹುದು, ಬರೆದುಕೊಳ್ಳಲೂಬಹುದು. ಇದರ ಮುಂದಿನ ಹಂತ ಸಂಚಾರಿ. ಅದೇ ಸಾಲನ್ನು ಗಾಯಕಿ ಹತ್ತು ಬಾರಿ ಹಾಡಿದರೆ ನರ್ತಕಿ ಹತ್ತು ಬಗೆಯಲ್ಲಿ ಅದನ್ನು ಹರಡಬೇಕು. ಅವನು ಬರಲಿಲ್ಲ ಎಂಬುದಷ್ಟೇ ಸಾಲಿನ ಅರ್ಥವೆಂದು ಭಾವಿಸೋಣ. ಬಾಗಿಲಿನ ಸಪ್ಪಳಕ್ಕೆ ತಿರುಗಿ ನೋಡಿ ಗಾಳಿಯೆಂದು ತಿಳಿಯುವುದು ಒಂದು ಬಗೆ. ಕಟ್ಟಿದ ಹೂಮಾಲೆ ಬಾಡಿದ್ದನ್ನು ಬೆರಳಿನಲ್ಲಿ ಮುಟ್ಟಿ ತಿಳಿಯುವುದು ಇನ್ನೊಂದು. ಎದುರಿಗಿದ್ದ ಗೆಳತಿಯ ಮುಂದೆ ಏನೂ ಆಗಿಲ್ಲವೆಂಬಂತೆ ನಗುವುದು, ಆ ನಗು ಅರ್ಧದಲ್ಲಿ ನಿಲ್ಲುವುದು ಮತ್ತೊಂದು. ನಾಯಿಕೆ ವಾಸಕಸಜ್ಜಿಕೆಯೇ, ವಿರಹೋತ್ಕಂಠಿತೆಯೇ, ಖಂಡಿತೆಯೇ ಎಂಬುದರ ಮೇಲೆ, ಅವಳು ಸ್ವೀಯೆಯೋ ಪರಕೀಯೆಯೋ ಸಾಮಾನ್ಯೆಯೋ ಎಂಬುದರ ಮೇಲೆ, ಮುಗ್ಧೆಯೋ ಪ್ರೌಢೆಯೋ ಎಂಬುದರ ಮೇಲೆ ಪ್ರತಿಯೊಂದು ಚಲನೆಯ ಅಳತೆಯೂ ಬದಲಾಗುತ್ತದೆ. ಭಾನುದತ್ತನ ರಸಮಂಜರಿ ಈ ಭೇದಗಳನ್ನು ಹೆಸರಿಸಿ ಲಕ್ಷಣ ಹೇಳುತ್ತದೆ. ಪ್ರೌಢೆಯು ಮುನಿಸಿಕೊಂಡಾಗ ಹುಬ್ಬು ಎಷ್ಟು ಏರಬೇಕೆಂಬುದನ್ನು ಗ್ರಂಥ ಹೇಳಲಾರದು.

ಎಂಟು ವರ್ಷದ ಬಾಲೆಗೆ ಇದನ್ನು ಹೇಳಿಕೊಡುವುದು ಹೇಗೆ? ಶೃಂಗಾರದ ಅನುಭವವೇ ಇಲ್ಲದ ಮಗುವಿಗೆ ಖಂಡಿತೆಯ ಮನಸ್ಸನ್ನು ವಿವರಿಸಿ ಪ್ರಯೋಜನವಿಲ್ಲ. ಮಗು ನೋಡುತ್ತದೆ, ಅನುಕರಿಸುತ್ತದೆ; ವರ್ಷಗಳು ಕಳೆದಂತೆ, ದೇಹದಲ್ಲಿ ಮೊದಲೇ ಕುಳಿತ ಚಲನೆಗೆ ಅರ್ಥವು ತಡವಾಗಿ ಬಂದು ಸೇರುತ್ತದೆ. ಹೀಗೆ ಅರ್ಥ ಬರುವವರೆಗೆ ಕಾಯುವ ವ್ಯವಧಾನ ತರಗತಿಗೆ ಇರುವುದಿಲ್ಲ; ಮನೆಗೆ ಇರುತ್ತದೆ. ಮಗಳು ತಾಯಿಯಿಂದ ಅಡುಗೆಯನ್ನೋ ರಂಗೋಲಿಯನ್ನೋ ಕಲಿಯುವ ಬಗೆ ಇದು. ಇಂದು ಪಾಠ, ನಾಳೆ ಪರೀಕ್ಷೆ ಎಂಬ ಕ್ರಮ ಅಲ್ಲಿಲ್ಲ. ತಾಯಮ್ಮ ಎಂಬ ಹೆಸರಿನಲ್ಲಿಯೇ ತಾಯಿ ಇರುವುದು ಆಕಸ್ಮಿಕ. ಆದರೆ ಆ ಶಿಕ್ಷಣದ ಸ್ವರೂಪ ಮಾತೃತ್ವದ್ದು ಎಂಬುದು ಆಕಸ್ಮಿಕವಲ್ಲ.

ಇನ್ನು ಸಖಿ. ಶೃಂಗಾರಪ್ರಧಾನವಾದ ಪದಗಳಲ್ಲಿ ಕಣ್ಣಿಗೆ ಕಾಣದಿದ್ದರೂ ಸದಾ ಹಾಜರಿರುವ ಪಾತ್ರವೆಂದರೆ ಸಖಿ. ನಾಯಿಕೆ ಬಹುತೇಕ ಸಂದರ್ಭಗಳಲ್ಲಿ ನಾಯಕನೊಡನೆ ಮಾತನಾಡುವುದಿಲ್ಲ, ಸಖಿಯೊಡನೆ ಮಾತನಾಡುತ್ತಾಳೆ. ಗೀತಗೋವಿಂದದಲ್ಲಿರುವ ಮುಖ್ಯ ಪಾತ್ರಗಳು ಮೂರೇ: ಕೃಷ್ಣ, ರಾಧೆ, ಸಖಿ. ಇಬ್ಬರ ನಡುವೆ ಓಡಾಡಿ ಒಬ್ಬರ ಅವಸ್ಥೆಯನ್ನು ಇನ್ನೊಬ್ಬರಿಗೆ ತಿಳಿಸುವವಳು, ಬುದ್ಧಿ ಹೇಳುವವಳು, ಮಾನವನ್ನು ಬಿಡು ಎಂದು ರಾಧೆಯನ್ನು ಒಲಿಸುವವಳು ಸಖಿ. ಕ್ಷೇತ್ರಯ್ಯನ ಪದಗಳಲ್ಲಿ ಸಖಿಯ ಮುಂದೆ ನಾಯಿಕೆ ಸುಳ್ಳು ಹೇಳುತ್ತಾಳೆ, ನಿಜವನ್ನು ಮರೆಮಾಚುತ್ತಾಳೆ, ಕೆಲವೊಮ್ಮೆ ಸಖಿಯನ್ನೇ ಸಂಶಯಿಸುತ್ತಾಳೆ. ಏಕಾಹಾರ್ಯ ಅಭಿನಯದಲ್ಲಿ ಒಬ್ಬಳೇ ನರ್ತಕಿ ಈ ಎಲ್ಲ ಪಾತ್ರಗಳನ್ನೂ ನಿರ್ವಹಿಸಬೇಕು. ಎದುರಿಗಿರುವ ಶೂನ್ಯದಲ್ಲಿ ಒಬ್ಬ ಗೆಳತಿಯನ್ನು ನಿಲ್ಲಿಸಿ, ಅವಳ ಎತ್ತರ, ಅವಳ ನೋಟ, ಅವಳ ಪ್ರತಿಕ್ರಿಯೆಗಳನ್ನು ತನ್ನ ಮುಖದಲ್ಲಿ ಹೊಳೆಯಿಸಬೇಕು. ಪಾಠದ ಹೊತ್ತಿನಲ್ಲಿ ಆ ಶೂನ್ಯದಲ್ಲಿ ಕುಳಿತಿರುವವರು ಗುರು. ಶಿಷ್ಯೆ ಗುರುವನ್ನೇ ಸಖಿಯೆಂದು ಭಾವಿಸಿ ದೂರು ಹೇಳುತ್ತಾಳೆ. ಗುರು ಸಖಿಯಾಗಿ ಹುಬ್ಬೇರಿಸುತ್ತಾಳೆ, ತಲೆದೂಗುತ್ತಾಳೆ, ನಂಬಲಿಲ್ಲವೆಂದು ತುಟಿ ಮುರಿಯುತ್ತಾಳೆ. ಮೈಸೂರಿನಲ್ಲಿ ಉಳಿದುಬಂದಿದ್ದ ಕುಳಿತು ಮಾಡುವ ಅಭಿನಯ, ನರ್ತಕಿಯೇ ಹಾಡಿಕೊಂಡು ಅಭಿನಯಿಸುವ ಪದ್ಧತಿ ಇವೆರಡೂ ಈ ಸಾಮೀಪ್ಯಕ್ಕೆ ಹೇಳಿಮಾಡಿಸಿದಂತಿವೆ. ಎದುರುಬದುರು ಕುಳಿತ ಇಬ್ಬರು ಹೆಂಗಸರ ಸಂಭಾಷಣೆಯ ಅಳತೆಯಲ್ಲಿಯೇ ಆ ಅಭಿನಯ ರೂಪುಗೊಂಡಿದೆ. ದೊಡ್ಡ ರಂಗಮಂದಿರದ ಕೊನೆಯ ಸಾಲಿನವರಿಗೆ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ.

ಸಖಿ ಎಂಬ ಈ ರಂಗತಂತ್ರ ಮೈಸೂರಿನ ಅರಮನೆಗಷ್ಟೇ ಸೀಮಿತವಾದುದಲ್ಲ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಬೇರೊಂದು ರೂಪವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಘೋಡಗೇರಿಯಂತಹ ಗ್ರಾಮಗಳ ಪ್ರೇಕ್ಷಕರಿಗೆ ಕೃಷ್ಣನ ಮೇಲಿನ ಮುನಿಸು ಪರಿಚಿತವಾದದ್ದು ತೆಲುಗು ಪದಗಳ ಮೂಲಕವಲ್ಲ, ಶ್ರೀಕೃಷ್ಣ ಪಾರಿಜಾತದ ಮೂಲಕ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಹೊಂದಿಸಿ ಹರಡಿದ ಕುಲಗೋಡ ತಮ್ಮಣ್ಣನ ಊರು ಹಿಂದಿನ ಗೋಕಾಕ ತಾಲ್ಲೂಕಿನದು. ಪಾರಿಜಾತದ ಕಲಾವಿದೆಯಾಗಿ ನಾಡಿನ ಆ ಭಾಗದಲ್ಲಿ ಹೆಸರಾದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಅದೇ ಸೀಮೆಯದು. ಅಲ್ಲಿ ಸತ್ಯಭಾಮೆ ತನ್ನ ಅಳಲನ್ನು ತೋಡಿಕೊಳ್ಳಲು ಶೂನ್ಯವನ್ನು ನೋಡಬೇಕಾಗಿಲ್ಲ. ಭಾಗವತನೇ ಅವಳ ಎದುರಿಗೆ ನಿಂತು ಸಖಿಯ ಕೆಲಸವನ್ನು ಮಾಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ಕೀಟಲೆ ಮಾಡುತ್ತಾನೆ. ಅರಮನೆಯ ಅಭಿನಯದಲ್ಲಿ ಸಖಿ ಅದೃಶ್ಯಳು. ಬಯಲಿನ ಆಟದಲ್ಲಿ ಸಖಿ ಗಂಡುದನಿಯ ದೃಶ್ಯಪಾತ್ರ. ಈ ಎರಡು ಪರಂಪರೆಗಳನ್ನು ಒಟ್ಟಿಗೆ ಇಟ್ಟು ನೋಡುವ ಅಧ್ಯಯನಗಳು ವಿರಳ. ಒಂದನ್ನು ಶಾಸ್ತ್ರೀಯವೆಂದೂ ಇನ್ನೊಂದನ್ನು ಜಾನಪದವೆಂದೂ ಎರಡು ಅಕಾಡೆಮಿಗಳಿಗೆ ಹಂಚಿಬಿಟ್ಟಿರುವುದು ಇದಕ್ಕೆ ಒಂದು ಕಾರಣವಿರಬಹುದು.

ಮೈಸೂರಿಗೆ ಮರಳುವುದಾದರೆ, ವೆಂಕಟಲಕ್ಷ್ಮಮ್ಮನವರು ಕಲಿಯಲಾರಂಭಿಸಿದ ಕಾಲ ನರ್ತಕಿಯರಿಗೆ ಸುಲಭದ ಕಾಲವಾಗಿರಲಿಲ್ಲ. ಮೈಸೂರು ಸರ್ಕಾರವು 1909ರ ಹೊತ್ತಿಗೆ ತನ್ನ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದರಾಸು ಪ್ರಾಂತದಲ್ಲಿ ನರ್ತನವಿರೋಧಿ ಚಳವಳಿ ಬಲಗೊಂಡು, ಕೊನೆಗೆ 1947ರ ಕಾಯಿದೆಯಲ್ಲಿ ಪರ್ಯವಸಾನಗೊಂಡಿತು. ಈ ಸುಧಾರಣೆಯ ಹಿಂದಿದ್ದ ಕಾಳಜಿ ನ್ಯಾಯವಾದುದು. ಹೆಣ್ಣುಮಕ್ಕಳ ಶೋಷಣೆ ಕಲ್ಪಿತ ಸಂಗತಿಯಾಗಿರಲಿಲ್ಲ. ಆದರೆ ಪದ್ಧತಿಯ ಮೇಲೆ ಬಿದ್ದ ಪೆಟ್ಟು ಆ ಹೆಣ್ಣುಮಕ್ಕಳ ವಿದ್ಯೆಯ ಮೇಲೂ ಬಿದ್ದಿತು. ಅದೇ ಹೊತ್ತಿನಲ್ಲಿ ಮದರಾಸಿನಲ್ಲಿ ಇ. ಕೃಷ್ಣ ಅಯ್ಯರ್ ಅವರ ಪ್ರಯತ್ನಗಳಿಂದಲೂ, 1936ರಲ್ಲಿ ರುಕ್ಮಿಣಿ ದೇವಿಯವರು ಸ್ಥಾಪಿಸಿದ ಕಲಾಕ್ಷೇತ್ರದಿಂದಲೂ ಈ ನೃತ್ಯ ಭರತನಾಟ್ಯವೆಂಬ ಹೆಸರಿನಲ್ಲಿ ಹೊಸ ಗೌರವವನ್ನು ಪಡೆಯಿತು. ಮೈಸೂರಿನಲ್ಲಿ ಅಂತಹ ಪುನರುಜ್ಜೀವನದ ಅಬ್ಬರ ಕಾಣಲಿಲ್ಲ. ಅರಮನೆಯ ಆಶ್ರಯ ಮುಂದುವರಿದದ್ದರಿಂದ ಇಲ್ಲಿನ ಪರಂಪರೆಗೆ ಕಡಿದುಹೋಗಿ ಮತ್ತೆ ಕೂಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಈ ಲಾಭವನ್ನು ಒಪ್ಪಿಕೊಳ್ಳುವಾಗ ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಅರಮನೆಯ ಗೋಡೆಯೊಳಗೆ ಸುರಕ್ಷಿತವಾಗಿದ್ದ ಕಲೆಗೆ ಗೋಡೆಯ ಹೊರಗೆ ಮದರಾಸಿನಂತಹ ಪ್ರಚಾರವೂ ದೊರೆಯಲಿಲ್ಲ.

ಸುಮಾರು ಮೂವತ್ತು ವರ್ಷಗಳ ಕಾಲ ವೆಂಕಟಲಕ್ಷ್ಮಮ್ಮನವರು ತಮ್ಮ ಗುರುವಿನೊಡನೆಯೇ ನರ್ತಿಸಿದರು. ಈ ಸಂಗತಿಗೆ ಸಿಗಬೇಕಾದಷ್ಟು ಮಹತ್ತ್ವ ಸಿಕ್ಕಿಲ್ಲ. ಶಿಷ್ಯೆ ರಂಗಪ್ರವೇಶ ಮಾಡಿ ಸ್ವತಂತ್ರಳಾಗುವುದು ಇಂದಿನ ರೂಢಿ. ಇಲ್ಲಿ ಬಾಲ್ಯದಲ್ಲಿ ಮಗಳಂತೆ ಬಂದವಳು ಯೌವನದಲ್ಲಿ ಒಡನಾಡಿಯಾದಳು. ಗುರುವಿಗೆ 80 ದಾಟಿದ ಮೇಲೆ ಬಹುಶಃ ಆಸರೆಯೂ ಆದಳು. ತಾಯಿ ಮಕ್ಕಳ ನಡುವೆ ಯಾವುದೋ ಒಂದು ವಯಸ್ಸಿನ ನಂತರ ಸ್ನೇಹ ಬೆಳೆಯುವಂತೆ ಗುರುಶಿಷ್ಯೆಯರ ನಡುವೆಯೂ ಬೆಳೆದಿದ್ದರೆ ಅದಕ್ಕೆ ಈ ಸಹನರ್ತನವೇ ಕಾರಣ. 1939ರಲ್ಲಿ ನಾಲ್ವಡಿಯವರು ವೆಂಕಟಲಕ್ಷ್ಮಮ್ಮನವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಅದರ ಮರುವರ್ಷವೇ ಮಹಾರಾಜರು ಕಾಲವಾದರು. 1947ರಲ್ಲಿ ತಾಯಮ್ಮನವರೂ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥಾನವೂ ಅದೇ ವರ್ಷ ಭಾರತ ಒಕ್ಕೂಟಕ್ಕೆ ಸೇರಿತು. ಗುರುವೂ ರಾಜ್ಯವೂ ಒಟ್ಟಿಗೇ ಇಲ್ಲವಾದ ಮೇಲೆ ಉಳಿದವರು 41 ವರ್ಷದ ಶಿಷ್ಯೆ ಮತ್ತು ಅವರ ದೇಹದಲ್ಲಿದ್ದ ವಿದ್ಯೆ.

ತಾಯಮ್ಮನವರ ಕೊನೆಯ ದಶಕಗಳಲ್ಲಿ ಅವರ ಬಳಿಗೆ ಬೇರೊಂದು ಬಗೆಯ ಶಿಷ್ಯರೂ ಬಂದಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಯು.ಎಸ್. ಕೃಷ್ಣರಾವ್ ಅವರು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರಾಗಿದ್ದುದಲ್ಲದೆ ತಾಯಮ್ಮನವರಲ್ಲಿಯೂ ಅಭ್ಯಾಸ ಮಾಡಿದ್ದರು. ಪುಸ್ತಕ ಬರೆಯಬಲ್ಲ, ವೇದಿಕೆಯಲ್ಲಿ ಉಪನ್ಯಾಸ ಕೊಡಬಲ್ಲ ವಿದ್ಯಾವಂತ ಕಲಾವಿದರ ತಲೆಮಾರು ಅದು. ಮೈಸೂರಿನ ಅಭಿನಯ ಹೊರಲೋಕಕ್ಕೆ ತಿಳಿಯುವಲ್ಲಿ ಅವರ ಪಾತ್ರ ದೊಡ್ಡದು. ಆದರೆ ಒಂದಷ್ಟು ಕಾಲ ಬಂದು ಕಲಿತು ಹೋಗುವವರು ತೆಗೆದುಕೊಂಡು ಹೋಗುವುದು ಪದಗಳನ್ನು, ವಸ್ತುಗಳನ್ನು. ಮೂವತ್ತು ವರ್ಷ ಜೊತೆಯಲ್ಲಿದ್ದವರಿಗೆ ದಕ್ಕುವುದು ಸಂಚಾರಿಯನ್ನು ಹೊಸದಾಗಿ ಹುಟ್ಟಿಸುವ ಬಗೆ. ಇದು ಶಿಷ್ಯರ ಯೋಗ್ಯತೆಯ ಪ್ರಶ್ನೆಯಲ್ಲ, ಕಾಲದ ಪ್ರಶ್ನೆ.

ನಾಲ್ವಡಿ ಮತ್ತು ಜಯಚಾಮರಾಜ ಒಡೆಯರ ಕಾಲವೆರಡರಲ್ಲಿಯೂ ಸೇವೆ ಸಲ್ಲಿಸಿದ ವೆಂಕಟಲಕ್ಷ್ಮಮ್ಮನವರು ಅನಂತರ ಭಾರತೀಯ ನೃತ್ಯ ನಿಕೇತನ ಎಂಬ ಶಾಲೆಯನ್ನು ತೆರೆದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ಪ್ರವಾಚಕರಾಗಿ ನೇಮಕಗೊಂಡವರೂ ಅವರೇ. ಆಗ ಅವರಿಗೆ 59 ವರ್ಷ; ಹೆಚ್ಚುಕಡಿಮೆ ತಾಯಮ್ಮನವರು ತಮ್ಮನ್ನು ಸ್ವೀಕರಿಸಿದಾಗ ಇದ್ದ ವಯಸ್ಸು. ಗುರುವಿನ ಮುಂದೆ ಅಂದು ನಿಂತಿದ್ದದ್ದು ಒಂದು ಮಗು. ಶಿಷ್ಯೆಯ ಮುಂದೆ ಈಗ ಒಂದು ತರಗತಿ. ಒಂಬತ್ತು ವರ್ಷಗಳ ಸೇವೆಯ ನಂತರ 1974ರಲ್ಲಿ ಅವರು ನಿವೃತ್ತರಾದರು. ಔಪಚಾರಿಕ ಪದವಿಗಳಿಲ್ಲದ ಪಾರಂಪರಿಕ ಕಲಾವಿದೆಯೊಬ್ಬರನ್ನು ವಿಶ್ವವಿದ್ಯಾನಿಲಯವು ಅಧ್ಯಾಪನ ಪೀಠಕ್ಕೆ ಕರೆದದ್ದು ಆ ಕಾಲಕ್ಕೆ ಧೈರ್ಯದ ನಿರ್ಧಾರವೇ ಸರಿ.

ಈ ಬದಲಾವಣೆಯಿಂದ ಆದ ಲಾಭ ನಷ್ಟಗಳನ್ನು ತೂಗುವುದು ಸುಲಭವಲ್ಲ. ಕುಲ, ಕುಟುಂಬಗಳ ಹಂಗಿಲ್ಲದೆ ಅರ್ಜಿ ಹಾಕಿ ಪ್ರವೇಶ ಪಡೆದ ಯಾವ ಹೆಣ್ಣುಮಗಳಿಗಾದರೂ ಈ ವಿದ್ಯೆ ತೆರೆದುಕೊಂಡಿತು ಎಂಬುದು ಸಣ್ಣ ಲಾಭವಲ್ಲ. ಹಿಂದೆ ಎಂಟು ವರ್ಷದ ಮಗುವನ್ನು ಮನೆಯವರು ಒಪ್ಪಿಸಿಬಿಡಬೇಕಾಗಿತ್ತು. ಆ ಮಗುವಿನ ಇಚ್ಛೆಯನ್ನು ಕೇಳುವ ಪದ್ಧತಿ ಇರಲಿಲ್ಲ. ತಾಯಿಯಂತಹ ಗುರು ಎಂದು ಕೊಂಡಾಡುವಾಗ ಹೆತ್ತ ಮನೆಯಿಂದ ದೂರವಾದ ಬಾಲ್ಯವೂ ಆ ಮಾತಿನ ಬೆನ್ನಿಗೇ ಇದೆ ಎಂಬುದನ್ನು ಸಂಶೋಧಕರು ಮರೆಯಬಾರದು. ನಷ್ಟದ ಕಡೆಗೆ ನೋಡಿದರೆ, ಪಠ್ಯಕ್ರಮಕ್ಕೆ ಬೇಕಾದದ್ದು ಎಣಿಸಬಹುದಾದ ವಸ್ತುಗಳು: ಇಂತಿಷ್ಟು ಅಡವುಗಳು, ಇಂತಿಷ್ಟು ಪದಗಳು, ಶ್ಲೋಕಗಳು. ಸಂಚಾರಿಗೆ ಅಂಕ ಕೊಡಬೇಕಾದರೆ ಅದು ಸ್ಥಿರವಾಗಿರಬೇಕು. ಸ್ಥಿರವಾದ ಸಂಚಾರಿ ಎಂಬುದು ಮಾತಿನಲ್ಲಿಯೇ ವಿರೋಧಾಭಾಸ. ಹತ್ತು ಬಗೆಯಲ್ಲಿ ಅರಳಬಹುದಾದ ಸಾಲಿಗೆ ಎರಡೋ ಮೂರೋ ಬಗೆಗಳು ನಿಗದಿಯಾಗುತ್ತವೆ, ಮುಂದಿನ ತಲೆಮಾರಿಗೆ ಅವೇ ಪರಂಪರೆಯಾಗುತ್ತವೆ. ಇಪ್ಪತ್ತು ಜನರ ತರಗತಿಯಲ್ಲಿ ಗುರುವು ಒಬ್ಬೊಬ್ಬರಿಗೂ ಸಖಿಯಾಗಿ ಎದುರು ಕುಳಿತುಕೊಳ್ಳಲು ಗಂಟೆಯ ಲೆಕ್ಕ ಅವಕಾಶ ಕೊಡುವುದಿಲ್ಲ.

ಹಾಗೆಂದು ಸಂಬಂಧ ಪೂರ್ತಿಯಾಗಿ ಕಡಿದುಹೋಯಿತೆನ್ನಲು ಬರುವುದಿಲ್ಲ. ವೆಂಕಟಲಕ್ಷ್ಮಮ್ಮನವರಲ್ಲಿ ಕಲಿತ ಲಲಿತಾ ಶ್ರೀನಿವಾಸನ್ ಅವರು ಬೆಂಗಳೂರಿನಲ್ಲಿ ನೂಪುರ ಸಂಸ್ಥೆಯನ್ನು ಕಟ್ಟಿ ಮೈಸೂರು ಶೈಲಿಯ ಬೋಧನೆಯನ್ನೂ ಅದರ ಕುರಿತ ವಿಚಾರವನ್ನೂ ಜೊತೆಜೊತೆಗೆ ಬೆಳೆಸಿದರು. ಉಷಾ ದಾತಾರ್ ಮೊದಲಾದ ಶಿಷ್ಯೆಯರು ಬೇರೆ ಬೇರೆ ದಿಕ್ಕುಗಳಲ್ಲಿ ಕೆಲಸ ಮಾಡಿದರು. ಸ್ವಂತ ಮೊಮ್ಮಗಳೇ ಶಿಷ್ಯೆಯಾದದ್ದು ಮನೆ ಮತ್ತು ಪಾಠಶಾಲೆ ಮತ್ತೊಮ್ಮೆ ಒಂದಾದ ನಿದರ್ಶನ. ಹೊರಗಿನ ಉದಾಹರಣೆಗಳನ್ನು ನೋಡಿದರೆ, ತಂಜಾವೂರು ಟಿ. ಬಾಲಸರಸ್ವತಿಯವರ (1918–1984) ನರ್ತನಕ್ಕೆ ಹಾಡುತ್ತಿದ್ದವರು ಅವರ ತಾಯಿ ಜಯಮ್ಮಾಳ್. ಅಜ್ಜಿ ವೀಣಾ ಧನಮ್ಮಾಳ್. ತಾಯಿಯ ದನಿಯ ಉಸಿರು ಎಲ್ಲಿ ನಿಲ್ಲುವುದೆಂದು ಬಾಲ್ಯದಿಂದ ಬಲ್ಲ ಮಗಳು ಆ ನಿಲುಗಡೆಯಲ್ಲಿಯೇ ಭಾವವನ್ನು ಅರಳಿಸುವುದು ಬೇರೆಯವರಿಗೆ ಸುಲಭಸಾಧ್ಯವಲ್ಲ. ಕರ್ನಾಟಕದಲ್ಲಿಯೇ ಮಾಯಾ ರಾವ್ ಅವರು (1928–2014) ಶಂಭು ಮಹಾರಾಜರಲ್ಲಿ ಕಥಕ್ ಕಲಿತು, ಸೋವಿಯತ್ ಒಕ್ಕೂಟದಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಾಸ ಮಾಡಿ, ದೆಹಲಿಯಲ್ಲಿಯೂ 1987ರಿಂದ ಬೆಂಗಳೂರಿನಲ್ಲಿಯೂ ಆಧುನಿಕ ಸಂಸ್ಥೆಯೊಂದನ್ನು ನಡೆಸಿದರು. ಅವರ ಮಗಳು ಮಧು ನಟರಾಜ್ ಅದೇ ಸಂಸ್ಥೆಯಲ್ಲಿ ಬೆಳೆದು ಸಮಕಾಲೀನ ನೃತ್ಯದ ಬೇರೆ ದಾರಿಯನ್ನು ಹಿಡಿದರು. ಗುರುವೂ ತಾಯಿಯೂ ಒಬ್ಬರೇ ಆದಾಗ ಮಗಳು ಅನುಕರಣೆಯನ್ನೇ ಮಾಡಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದು ನಿದರ್ಶನ.

ಮನ್ನಣೆಗಳ ಪಟ್ಟಿ ದೊಡ್ಡದಾಗಿಯೇ ಇದೆ. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1977ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1992ರಲ್ಲಿ ಪದ್ಮಭೂಷಣ, 1995ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ. ಇವುಗಳಲ್ಲಿ ಕೊನೆಯದಕ್ಕೆ ಬೇರೆಯೇ ಅರ್ಥವಿದೆ. ಕನ್ನಡ ಸಾಹಿತ್ಯದಲ್ಲಿ ಪಂಪನೊಡನೆ ಹೊಂದಿಕೊಂಡಿರುವ ನಾಡೋಜ ಎಂಬ ಹೆಸರಿನ ಅರ್ಥ ನಾಡಿನ ಉಪಾಧ್ಯಾಯ. ಆ ಗೌರವವನ್ನು ಮೊಟ್ಟಮೊದಲು ಪಡೆದವರ ಸಾಲಿನಲ್ಲಿ ಕಡೂರು ಸೀಮೆಯ ತಾಂಡಾದಲ್ಲಿ ಹುಟ್ಟಿ, ಮನೆಮಾತಲ್ಲದ ಮೂರು ಭಾಷೆಗಳ ಸಾಹಿತ್ಯವನ್ನು ಕಣ್ಣಿನಲ್ಲಿ ಓದಿಸಿದ ಈ ಅಧ್ಯಾಪಕಿಯ ಹೆಸರಿದೆ. 2002ರ ಜುಲೈ 1ರಂದು ಅವರು ನಿಧನರಾದಾಗ ಅವರ ವಯಸ್ಸು 96. ತಮ್ಮ ಗುರುವಿಗಿಂತ ಆರು ವರ್ಷ ಹೆಚ್ಚು ಬಾಳಿದ್ದರು. ಗುರುವಿಲ್ಲದೆ 55 ವರ್ಷ.